ಸಿರಿಮಯ್ಯನ ಮೂರು ಕೆರೆ, ಪೋರುಮಾಮಿಳ್ಳದ ಆರು ದೋಷ, ಮತ್ತೆ ಒಂದು ಪೈಪು

ಅಗರದ ಶಾಸನ ಈ ಪುಟದ ಓದುಗರಲ್ಲಿ ಬಹಳ ಜನರಿಗೆ ಪರಿಚಿತ. ಬೆಂಗಳೂರಿನ ಅಗರ, ಈಗ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿಗೆ ಹೆಸರಾದ ಅದೇ ಅಗರ. ಗಂಗರ ಕಾಲದ ಶಾಸನ, ಒಂಬತ್ತನೇ ಶತಮಾನದ ಉತ್ತರಾರ್ಧದ್ದು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ (1905) ಅಚ್ಚಾಗಿದೆ. ಓದುವವರು ಸಾಮಾನ್ಯವಾಗಿ ನಾಗತ್ತರನ ಹೆಸರಿನ ಹತ್ತಿರ ನಿಂತುಬಿಡುತ್ತಾರೆ. ಬೇಗೂರಿನ ಕಲ್ಲಿನಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತಲ್ಲ, ಅಲ್ಲಿಯ ನಾಗತ್ತರ. ಹೆಸರು ಕಂಡ ತಕ್ಷಣ ಮನಸ್ಸು ಯುದ್ಧದ ಕಡೆ ಓಡುತ್ತದೆ. ನಾನೂ ಮೊದಲ ಎರಡು ಮೂರು ಸಲ ಹಾಗೇ ಓದಿದ್ದು.

ಆದರೆ ಶಾಸನದ ವಿಷಯ ಯುದ್ಧವಲ್ಲ, ಕೆರೆ. ಸತ್ಯವಾಕ್ಯ ಪೆರ್ಮಾನಡಿ ಆಳುತ್ತಿದ್ದಾಗ ಇರುಗಮಯ್ಯನ ಮಗ ಸಿರಿಮಯ್ಯ ಎಂಬವನು ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಣ ಕೆರೆಯನ್ನು ಕಟ್ಟಿಸಿದ, ಮೂರೂ ಕೆರೆಗಳ ಬಿಟ್ಟುವಟ್ಟವನ್ನು ಪಡೆದ. ಇಷ್ಟೇ ಸಾರಾಂಶ. ಒಂದು ಉಸಿರಿನಲ್ಲಿ ಓದಿ ಮುಗಿಸಬಹುದು.

ಈ ಲೆಕ್ಕ ಸ್ವಲ್ಪ ನೋಡಿ. ಹೊಸದಾಗಿ ಕಟ್ಟಿಸಿದ್ದು ಒಂದೇ ಕೆರೆ. ಉಳಿದೆರಡು ಮೊದಲೇ ಇದ್ದವು, ಅವಕ್ಕೆ ತೂಬು ಮಾತ್ರ ಇಡಿಸಿದ್ದಾನೆ. ಆದರೆ ಬಿಟ್ಟುವಟ್ಟ ಸಿಕ್ಕಿದ್ದು ಮೂರಕ್ಕೂ! ಅಂದರೆ ಇದ್ದ ಕೆರೆಯನ್ನು ಸರಿಮಾಡಿದವನಿಗೂ ಕಟ್ಟಿಸಿದವನ ಹಾಗೇ ಹಕ್ಕು, ಹಾಗೇ ಕಲ್ಲಿನಲ್ಲಿ ಹೆಸರು. ನಾವು ಕೆರೆಯ ಶಾಸನ ಅಂದರೆ 'ಕಟ್ಟಿಸಿದ' ಅನ್ನುವ ಕ್ರಿಯಾಪದವನ್ನೇ ಹುಡುಕುತ್ತೇವೆ. ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಮಗುವಿನ ಕಿವಿಯಲ್ಲಿ ಹೇಳುವ ಮಾತು ಎಲ್ಲರ ವಾಟ್ಸಾಪಿನಲ್ಲೂ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಬರಲಿ, ಒಳ್ಳೆಯದೇ. ಕಟ್ಟಿಸಿದ ಮರುವರ್ಷ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಬೇಕಾದರೆ ಮಾತ್ರ ಬಿಟ್ಟುವಟ್ಟದಂಥ ಒಣ ಪದಗಳ ಹತ್ತಿರ ಹೋಗಬೇಕು.

ಬಿಟ್ಟುವಟ್ಟ ಅಂದರೆ ಸ್ಥೂಲವಾಗಿ ಕೆರೆಯ ಕೆಳಗಿನ ಗದ್ದೆಯಲ್ಲಿ, ಅಥವಾ ಅಲ್ಲಿಯ ಬೆಳೆಯಲ್ಲಿ, ಕೆರೆ ಕಟ್ಟಿದವನಿಗೆ ಮತ್ತು ನೋಡಿಕೊಳ್ಳುವವನಿಗೆ ಬಿಟ್ಟುಕೊಟ್ಟ ಪಾಲು. ಬೇರೆ ಕಾಲದಲ್ಲಿ, ಬೇರೆ ಸೀಮೆಯಲ್ಲಿ ಇದೇ ಜಾತಿಯ ವ್ಯವಸ್ಥೆಗೆ ಕೆರೆಗೊಡಗೆ, ಕಟ್ಟುಗೊಡಗೆ, ದಸವಂದ ಎಂದೆಲ್ಲ ಹೆಸರಿದೆ. ವಿವರ ಬೇರೆ ಬೇರೆ, ಒಳಗಿನ ತರ್ಕ ಒಂದೇ. ನಾನು ಇಂಜಿನಿಯರ್ ಆದ್ದರಿಂದ ನನಗೆ ಈ ತರ್ಕ ತುಂಬ ಇಷ್ಟ. ಕೆರೆಯಲ್ಲಿ ನೀರು ನಿಂತರೆ ಗದ್ದೆ ಬೆಳೆಯುತ್ತದೆ, ಗದ್ದೆ ಬೆಳೆದರೆ ಪಾಲು ಸಿಗುತ್ತದೆ, ಪಾಲು ಬೇಕಾದರೆ ಕೆರೆಯಲ್ಲಿ ನೀರು ನಿಲ್ಲಬೇಕು. ಹೂಳು ತುಂಬಿತು ಅಂತಿಟ್ಟುಕೊಳ್ಳಿ, ಮೊದಲು ನಷ್ಟ ಆಗುವುದು ಬಿಟ್ಟುವಟ್ಟ ತಿನ್ನುವವನಿಗೇ. ಅವನನ್ನು ಯಾರೂ ಬೆನ್ನು ಹತ್ತಿ ಕೆಲಸ ಮಾಡಿಸಬೇಕಿಲ್ಲ. ಈಗಿನ ಟೆಂಡರಿನಲ್ಲಿ ಕಾಮಗಾರಿ ಬೇರೆ, ಐದು ವರ್ಷದ ನಿರ್ವಹಣೆ ಬೇರೆ ಅಂತ ಎರಡು ಕಾಲಂ ಇರುತ್ತದೆ. ಎರಡನೆಯ ಕಾಲಮ್ಮಿನ ದುಡ್ಡು ಎಲ್ಲಿಂದ ಬರಬೇಕು ಅನ್ನುವುದು ಬಹಳ ಸಲ ಆ ಕಾಲಂ ಬರೆದವರಿಗೂ ಗೊತ್ತಿರುವುದಿಲ್ಲ.

ಹೂಳಿನ ವಿಷಯ ಸ್ವಲ್ಪ ಹೇಳಲೇಬೇಕು. ಮಳೆನೀರು ಬರಿಗೈಯಲ್ಲಿ ಬರುವುದಿಲ್ಲ. ಜಲಾನಯನದ ಮಣ್ಣು, ಎಲೆ, ಸಗಣಿ ಎಲ್ಲ ಹೊತ್ತುಕೊಂಡು ಓಡಿ ಬರುತ್ತದೆ. ಕೆರೆಯಂಗಳಕ್ಕೆ ಬಂದಾಗ ಹರಿವಿನ ಅಗಲ ಹೆಚ್ಚಾಗಿ ವೇಗ ಕುಸಿಯುತ್ತದೆ. ವೇಗ ಇಲ್ಲದ ನೀರಿಗೆ ಹೊರುವ ಶಕ್ತಿ ಇಲ್ಲ. ದಪ್ಪ ಮರಳು ಬಾಯಲ್ಲೇ ಬೀಳುತ್ತದೆ, ನುಣ್ಣನೆಯ ಗೋಡು ಏರಿಯ ಹತ್ತಿರದವರೆಗೂ ಬಂದು ನಿಧಾನವಾಗಿ ಕೂರುತ್ತದೆ. ಹೀಗಾಗಿ ಕೆರೆ ಅಂದರೇನೇ ಹೂಳು ಹಿಡಿಯುವ ಯಂತ್ರ. ಮೇಲಿನ ಊರಿನ ಕಟ್ಟೆ, ಕುಂಟೆ ಮೊದಲು ಹಿಡಿದು, ಉಳಿದದ್ದನ್ನು ಕೆಳಗಿನ ದೊಡ್ಡ ಕೆರೆಗೆ ಬಿಡುವ ಸಾಲುಕೆರೆಯ ಪದ್ಧತಿಯ ಅರ್ಧ ಜಾಣತನ ಇರುವುದು ಇಲ್ಲೇ. ಈಗ ಮಳೆನೀರಿನ ಕೊಳ ವಿನ್ಯಾಸ ಮಾಡುವವರು ಬಾಯಲ್ಲಿ ಒಂದು ಸಣ್ಣ ಹೂಳುಗುಂಡಿ ಇರಲಿ, ಅದನ್ನು ಆಗಾಗ ತೆಗೆಯಲಿ ಅಂತ ಬರೆಯುತ್ತಾರೆ. ನಮ್ಮ ಕುಂಟೆ ಮಾಡುತ್ತಿದ್ದದ್ದು ಅದೇ ಕೆಲಸ.

ಬೇಸಿಗೆಯಲ್ಲಿ ಕೆರೆ ಒಣಗುತ್ತದೆ, ಅಂಗಳ ಬಿರುಕು ಬಿಡುತ್ತದೆ, ಜನ ಗಾಡಿ ಕಟ್ಟಿಕೊಂಡು ಬಂದು ಗೋಡು ತುಂಬಿಕೊಂಡು ಹೋಗಿ ಹೊಲಕ್ಕೆ ಹರಡುತ್ತಾರೆ. ಹೂಳು ಗೊಬ್ಬರವಾಯಿತು, ಕೆರೆಗೆ ಜಾಗವಾಯಿತು. ಕೆರೆಯ ಕೆಲಸಕ್ಕೆಂದೇ ಬಂಡಿ, ಕೋಣ ಸಾಕಲು ಭೂಮಿ ಬಿಟ್ಟ ಶಾಸನಗಳೂ ನಮ್ಮಲ್ಲಿವೆ. ರಾಜರ ಬಿರುದಾವಳಿಯ ನಡುವೆ ಒಂದು ಕೋಣದ ಗಾಡಿ ಕಾಣಿಸಿದಾಗ ಆಗುವ ಖುಷಿಯೇ ಬೇರೆ.

ತಮಿಳುನಾಡಿನ ಉತ್ತರಮೇರೂರಿನಲ್ಲಿ ಇನ್ನೊಂದು ದಾರಿ ಹಿಡಿದಿದ್ದರು. ಚೋಳ ಪರಾಂತಕನ ಕಾಲದ 919 ಮತ್ತು 921ರ ಶಾಸನಗಳಲ್ಲಿ ಗ್ರಾಮಸಭೆಯ ಸಮಿತಿಗಳ ಜೊತೆ 'ಏರಿ ವಾರಿಯಂ' ಅಂತ ಕೆರೆಗೇ ಒಂದು ಪ್ರತ್ಯೇಕ ಸಮಿತಿ ಇದೆ. ಗಡಿಗೆಯಲ್ಲಿ ಹೆಸರಿನ ಚೀಟಿ ಹಾಕಿ ಎತ್ತುವ ಕುಡವೋಲೈ ಪದ್ಧತಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಹಿಡಿಸಿದ್ದು ಅನರ್ಹತೆಯ ಪಟ್ಟಿ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮತ್ತೆ ಚೀಟಿಗೆ ಹೆಸರು ಕೊಡುವ ಹಾಗಿಲ್ಲ, ಅವನ ಹತ್ತಿರದ ನೆಂಟರೂ ಕೊಡುವ ಹಾಗಿಲ್ಲ. ಭಾವಮೈದನ ಹೆಸರಲ್ಲಿ ಗುತ್ತಿಗೆ ಹಿಡಿಯುವ ವಿದ್ಯೆ ಆಗಲೇ ಇತ್ತು ಅಂತ ಇದರಿಂದ ಊಹಿಸಿದರೆ ತಪ್ಪೇನೂ ಆಗಲಾರದು.

ಹೂಳೆತ್ತುವವನ ಪಾಲನ್ನು ಬಿಟ್ಟುವಟ್ಟ ಹೇಳುತ್ತದೆ. ಕೆರೆ ಯಾವ ಕಾರಣಕ್ಕೆ ಕೆಡುತ್ತದೆ ಅನ್ನುವುದನ್ನು ನೇರವಾಗಿ ಹೇಳುವ ಶಾಸನ ಸಿಗುವುದು ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ. ಈಗ ಆಂಧ್ರ, ಆಗ ವಿಜಯನಗರದ ಉದಯಗಿರಿ ಸೀಮೆ. ಒಂದನೇ ಬುಕ್ಕನ ಮಗ ಭಾಸ್ಕರ, ಭವದೂರ ಅಂತಲೂ ಹೆಸರು, ಅಲ್ಲಿ ದೊಡ್ಡ ಕೆರೆ ಕಟ್ಟಿಸಿ ಶಕ 1291ರಲ್ಲಿ, ಅಂದರೆ ಕ್ರಿ.ಶ. 1369ರಲ್ಲಿ ಸಂಸ್ಕೃತ ಶಾಸನ ಹಾಕಿಸಿದ. ವಿ. ಎಸ್. ಸುಕ್ತಂಕರ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ ಹದಿನಾಲ್ಕನೇ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಮುಂದೆ ಪುಣೆಯಲ್ಲಿ ಮಹಾಭಾರತದ ಸಂಶೋಧಿತ ಪಾಠ ಸಿದ್ಧಪಡಿಸಿದ ಸುಕ್ತಂಕರ್ ಇವರೇ. ಎರಡು ವರ್ಷ, ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಗಾಡಿ ಅಂತ ಶಾಸನವೇ ಲೆಕ್ಕ ಕೊಡುತ್ತದೆ. ಪ್ರಾಜೆಕ್ಟ್ ರಿಪೋರ್ಟ್ ಅಂದರೆ ಇದು!

ಅದರಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳ ಪಟ್ಟಿ ಇದೆ. ಧರ್ಮಿಷ್ಠ ರಾಜನಿಂದ ಶುರುವಾಗಿ, ಜಲಶಾಸ್ತ್ರ ಬಲ್ಲವನು, ಗಟ್ಟಿ ಮಣ್ಣು, ದೂರದಿಂದ ಬರುವ ಸಿಹಿನೀರಿನ ನದಿ, ಬೆಟ್ಟದ ಆಸರೆ, ಹೆಚ್ಚು ಉದ್ದವಲ್ಲದ ಗಟ್ಟಿ ಕಲ್ಲಿನ ಏರಿ, ಆಳವಾದ ವಿಶಾಲ ಅಂಗಳ, ಹತ್ತಿರದಲ್ಲೇ ಒಳ್ಳೆಯ ಕಲ್ಲುಗಣಿ, ಸಮತಟ್ಟಾದ ಗದ್ದೆ, ಕಡೆಗೆ ಕೆಲಸ ಬಲ್ಲ ಆಳುಗಳು. ಅದರ ಹಿಂದೆಯೇ ಆರು ದೋಷಗಳು. ಏರಿಯಲ್ಲಿ ನೀರು ಜಿನುಗುವುದು. ಸವುಳು ಮಣ್ಣು. ಎರಡು ರಾಜ್ಯಗಳ ಗಡಿಯಲ್ಲಿರುವುದು. ಕೆರೆಯ ನಡುವೆ ಆಮೆಯ ಬೆನ್ನಿನ ಹಾಗೆ ದಿಬ್ಬ, ಇದನ್ನು ಕೂರ್ಮ ಅನ್ನುತ್ತಾರೆ. ನೀರು ಕಡಿಮೆ, ನೆಲ ಹೆಚ್ಚು. ನೀರು ಹೆಚ್ಚು, ನೆಲ ಕಡಿಮೆ.

ಮೊದಲ ಸಲ ಓದಿದಾಗ ನನಗೆ ಒಂದು, ಎರಡು, ಐದು ಅರ್ಥವಾದವು. ಮೂರು, ನಾಲ್ಕು, ಆರು ಹಳೆಯ ಕಾಲದ ಮಾತು, ಈಗ ಅನ್ವಯಿಸುವುದಿಲ್ಲ ಅಂತ ಪೆನ್ಸಿಲಿನಲ್ಲಿ ಪಕ್ಕದಲ್ಲಿ ಬರೆದುಕೊಂಡಿದ್ದೆ. ಆ ಟಿಪ್ಪಣಿಯನ್ನು ಆಮೇಲೆ ಒಂದೊಂದಾಗಿ ಅಳಿಸಬೇಕಾಯಿತು.

ಮೂರನೆಯದು ಗಡಿಯ ದೋಷ. ಬೆಂಗಳೂರಿನಲ್ಲಿ ರಾಜ್ಯಗಳ ಗಡಿ ಎಲ್ಲಿದೆ ಅಂತ ಕೇಳಬಹುದು. ಯಾವುದಾದರೂ ಒಂದು ಕೆರೆಯ ಏರಿಯ ಮೇಲೆ ನಿಂತು ವಿಚಾರಿಸಿ. ಕೆರೆ ಒಬ್ಬರ ಸುಪರ್ದಿ, ಕೆರೆಗೆ ನೀರು ತರುವ ರಾಜಕಾಲುವೆ ಇನ್ನೊಬ್ಬರದು, ಆ ಕಾಲುವೆಯ ಪಕ್ಕದಲ್ಲೇ ಹೂತ ಒಳಚರಂಡಿ ಕೊಳವೆ ಮೂರನೆಯವರದು, ನೀರಿನ ಮಾದರಿ ತೆಗೆದು ಪರೀಕ್ಷೆ ಮಾಡುವವರು ನಾಲ್ಕನೆಯವರು. ಕೊಳವೆ ಒಡೆದು ಕಾಲುವೆಗೆ ಸೇರಿ, ಕಾಲುವೆ ಕೆರೆಗೆ ಸೇರಿದರೆ ತಪ್ಪು ಗಡಿ ದಾಟುತ್ತದೆ, ಜವಾಬ್ದಾರಿ ದಾಟುವುದಿಲ್ಲ. ಎರಡು ರಾಜರ ಗಡಿಯ ಕೆರೆಯನ್ನು ಇಬ್ಬರೂ ಬಳಸುತ್ತಾರೆ, ಇಬ್ಬರೂ ರಿಪೇರಿ ಮಾಡುವುದಿಲ್ಲ. ಭಾಸ್ಕರನ ಜನರಿಗೆ ಇದು ಅನುಭವದಿಂದಲೇ ಗೊತ್ತಾಗಿರಬೇಕು.

ನಾಲ್ಕನೆಯ ಕೂರ್ಮದ ಕಥೆ ಸ್ವಲ್ಪ ನಗು ಬರಿಸುವಂಥದ್ದು. ಕೆರೆ ಪುನರುಜ್ಜೀವನ ಅಂತ ಈಗ ಮಾಡುವಾಗ ಅಂಗಳದ ನಡುವೆ ಒಂದು ದ್ವೀಪ ಮಾಡುತ್ತಾರೆ, ಹಕ್ಕಿಗಳಿಗೆ ಅಂತ. ಹಕ್ಕಿಗಳು ಬಂದು ಕೂರುವುದು ನಿಜ, ನಾನೂ ಬೈನಾಕ್ಯುಲರ್ ಹಿಡಿದು ನೋಡಿದ್ದೇನೆ. ಆದರೆ ಎತ್ತಿದ ಹೂಳನ್ನು ಲಾರಿಯಲ್ಲಿ ಹೊರಗೆ ಸಾಗಿಸುವ ಖರ್ಚು ಉಳಿಯುತ್ತದೆ ಅನ್ನುವುದೂ ಅಷ್ಟೇ ನಿಜ. ಗೋಡು ಹಾಕಿಸಿಕೊಳ್ಳಲು ಹೊಲವೇ ಇಲ್ಲದ ಊರಿನಲ್ಲಿ ಹೂಳು ಹೋಗುವುದಾದರೂ ಎಲ್ಲಿಗೆ? ಚರಂಡಿ ಸೇರಿದ ಹೂಳನ್ನು ಹೊಲಕ್ಕೆ ಹಾಕುವುದೂ ತಪ್ಪು ಅನ್ನಿ.

ಆರನೆಯದು ನನ್ನನ್ನು ನಿಜವಾಗಿ ಕಾಡಿದ್ದು. ನೀರು ಹೆಚ್ಚು, ನೆಲ ಕಡಿಮೆ. ನೀರು ಹೆಚ್ಚಾದರೆ ದೋಷ ಹೇಗೆ ಅಂತ ಆಗ ಅನ್ನಿಸಿತ್ತು. ಅಗರದ ಕೆರೆಯಿಂದ ಕೆಳಗೆ ಹರಿದ ನೀರು ಬೆಳ್ಳಂದೂರಿಗೆ ಹೋಗುತ್ತದೆ, ಅಲ್ಲಿಂದ ವರ್ತೂರಿಗೆ, ಕಡೆಗೆ ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರು ಸುಮಾರು 900 ಎಕರೆಯ ಕೆರೆ. ಇವೆಲ್ಲ ಮಳೆಗಾಲದಲ್ಲಿ ತುಂಬಿ, ಬೇಸಿಗೆಗೆ ಅಚ್ಚುಕಟ್ಟಿನಲ್ಲಿ ಖರ್ಚಾಗಿ ಇಳಿಯುತ್ತಿದ್ದ ಕೆರೆಗಳು. ಈಗ ಅಚ್ಚುಕಟ್ಟಿನ ಬಹುಪಾಲು ಕಟ್ಟಡ. ಬರುವ ನೀರು ಮಾತ್ರ ವರ್ಷವಿಡೀ ಬರುತ್ತದೆ, ಯಾಕಂದ್ರೆ ಅದು ಆಕಾಶದಿಂದ ಬರುವುದಲ್ಲ, ನಮ್ಮ ಬಚ್ಚಲಿನಿಂದ ಬರುವುದು. ಹೀಗಾಗಿ ಬಹಳ ವರ್ಷ ಕೆರೆ ಒಣಗುತ್ತಲೇ ಇರಲಿಲ್ಲ. ಒಣಗದ ಕೆರೆಗೆ ಗಾಡಿ ಇಳಿಸುವವರಿರಲಿಲ್ಲ, ಹೂಳು ತೆಗೆಯುವವರಿರಲಿಲ್ಲ. ಸೋಪಿನ ಅಂಶ ಸೇರಿದ ನೀರು ಕೋಡಿಯಲ್ಲಿ ಧುಮುಕಿದ ಕಡೆ ಗಾಳಿ ಬೆರೆತು ನೊರೆ ಏಳುತ್ತದೆ. 2015ರಲ್ಲಿ ಬೆಳ್ಳಂದೂರಿನ ನೊರೆಗೇ ಬೆಂಕಿ ಹತ್ತಿದ್ದು, 2017ರಲ್ಲೂ 2018ರಲ್ಲೂ ಕೆರೆಯಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಆರನೆಯ ದೋಷವನ್ನು ಕಂಡವರು 1369ರಲ್ಲಿ ನೊರೆಯನ್ನು ಊಹಿಸಿರಲಿಲ್ಲ, ಸರಿ. ಆದರೆ ಬರುವ ನೀರಿಗೂ ಅದನ್ನು ಬಳಸುವ ನೆಲಕ್ಕೂ ಹೊಂದಾಣಿಕೆ ತಪ್ಪಿದರೆ ಕೆರೆ ಕೆಡುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಇಲ್ಲಿಗೆ ಬಂದ ಮೇಲೆ ನನ್ನ ಪೈಪಿನ ವಿಷಯ ಹೇಳದೆ ಇದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಹನ್ನೆರಡು ವರ್ಷದ ಹಿಂದೆ, ಶಾಸನದ ಹುಚ್ಚು ಹತ್ತುವುದಕ್ಕೆ ಮೊದಲು, ನಾನು ಒಂದು ಕಚೇರಿಯಲ್ಲಿ ವಸತಿ ಸಮುಚ್ಚಯಗಳ ಡ್ರೈನೇಜ್ ಡ್ರಾಯಿಂಗ್ ಮಾಡುತ್ತಿದ್ದೆ. ಅಂಥ ಒಂದು ಸಮುಚ್ಚಯಕ್ಕೆ ಕೊಳಚೆ ನೀರು ಶುದ್ಧಮಾಡುವ ಘಟಕ ಇತ್ತು. ಘಟಕ ಕೆಟ್ಟರೆ ನೆಲಮಾಳಿಗೆಗೆ ಕೊಳಚೆ ನುಗ್ಗಬಾರದಲ್ಲ, ಅದಕ್ಕೆ ಆರು ಇಂಚಿನ ಒಂದು ಬೈಪಾಸ್ ಪೈಪು, ನೇರ ಹೊರಗಿನ ರಾಜಕಾಲುವೆಗೆ. 'ತುರ್ತು ಬಳಕೆಗೆ ಮಾತ್ರ' ಅಂತ ಡ್ರಾಯಿಂಗಿನಲ್ಲಿ ಬರೆದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಸಹಿ ಹಾಕಿದೆ, ಮರೆತೆ.

ಎಷ್ಟೋ ವರ್ಷದ ಮೇಲೆ, ಜನವರಿಯ ಒಂದು ಭಾನುವಾರ, ಒಂದು ವೀರಗಲ್ಲು ಹುಡುಕಿಕೊಂಡು ನಾವು ಮೂವರು ಅದೇ ರಾಜಕಾಲುವೆಯ ಪಕ್ಕ ನಡೆಯುತ್ತಿದ್ದೆವು. ಮಳೆ ಬಿದ್ದು ಎರಡು ತಿಂಗಳಾಗಿತ್ತು. ಕಾಲುವೆಯಲ್ಲಿ ಬೂದುಬಣ್ಣದ ನೀರು ಹರಿಯುತ್ತಿತ್ತು. ಕಾಂಪೌಂಡ್ ಗೋಡೆಯಿಂದ ಒಂದು ಪೈಪು ಆಚೆ ಚಾಚಿಕೊಂಡು ಧಾರಾಳವಾಗಿ ಸುರಿಯುತ್ತಿತ್ತು. ಜೊತೆಗಿದ್ದ ಹುಡುಗ ಮೂಗು ಮುಚ್ಚಿಕೊಂಡು, "ಸಾರ್, ಇದನ್ನ ಯಾರು ಬಿಟ್ಟಿರೋದು ಹಿಂಗೆ?" ಅಂದ. ಗೋಡೆ ನೋಡಿದೆ, ಗೇಟು ನೋಡಿದೆ. ನನ್ನ ಆರು ಇಂಚು.

ಮಳೆ ಇಲ್ಲದ ದಿನ ಮಳೆಯ ಕಾಲುವೆಯಲ್ಲಿ ನೀರು ಹರಿದರೆ ಅದು ಮಳೆಯ ನೀರಲ್ಲ. ಇದಕ್ಕೆ ಪ್ರಯೋಗಾಲಯ ಬೇಡ, ಜನವರಿಯಿಂದ ಮಾರ್ಚಿನೊಳಗೆ ಒಂದು ಸಲ ಕಾಲುವೆ ಇಣುಕಿದರೆ ಸಾಕು. ಕಲ್ಲು ಹುಡುಕಿ ಕೆರೆಯ ಏರಿ, ತೂಬು, ಕೋಡಿ ಅಲೆಯುವ ನಮ್ಮಂಥವರು ವರ್ಷಕ್ಕೆ ಎಷ್ಟು ಕಾಲುವೆ ದಾಟುತ್ತೇವೋ ಲೆಕ್ಕವಿಲ್ಲ. ಶಾಸನದ ಫೋಟೋ ತೆಗೆಯುವಾಗ ಅಳತೆಪಟ್ಟಿ ಇಟ್ಟು, ಸ್ಥಳ ಗುರುತು ಮಾಡಿ, ದಿನಾಂಕ ಬರೆಯುತ್ತೇವಲ್ಲ, ಅದೇ ಶಿಸ್ತಿನಲ್ಲಿ ಸುರಿಯುವ ಪೈಪಿನ ಫೋಟೋ ಒಂದು ತೆಗೆದರೆ ಅದೂ ಒಂದು ದಾಖಲೆ. ನಾನು ಆಮೇಲಿಂದ ತೆಗೆಯುತ್ತಿದ್ದೇನೆ.

ಆ ಸಮುಚ್ಚಯದ ಸಂಘಕ್ಕೆ ಹೋಗಿ ನಾನೇ ಇದನ್ನು ಬರೆದವನು ಅಂತ ಹೇಳಿಕೊಂಡೆ. ಮೊದಲು ಯಾರೂ ನಂಬಲಿಲ್ಲ, ಏನೋ ಮಾರಲು ಬಂದಿದ್ದಾನೆ ಅಂದುಕೊಂಡರು. ಘಟಕ ಕೆಟ್ಟಿರಲಿಲ್ಲ, ನಡೆಸಿದರೆ ಕರೆಂಟಿನ ಬಿಲ್ಲು ಜಾಸ್ತಿ ಅಂತ ಯಾರೋ ಬೈಪಾಸಿನ ಗೇಟ್ ವಾಲ್ವ್ ತೆರೆದಿಟ್ಟಿದ್ದರು, ಅದು ಹಾಗೇ ಉಳಿದಿತ್ತು. ಸಂಘದ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಮಾತ್ರ ಇನ್ನೂ ತಲೆಯಲ್ಲಿದೆ. "ಕೆರೆ ಚೆನ್ನಾಗಿದ್ರೆ ನಮಗೇನು ಸಿಗುತ್ತೆ ಸ್ವಾಮಿ?" ಅಂದರು. ವ್ಯಂಗ್ಯವಾಗಿ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಸಿರಿಮಯ್ಯನಿಗೆ ಈ ಪ್ರಶ್ನೆಗೆ ಉತ್ತರ ಕಲ್ಲಿನ ಮೇಲೇ ಇತ್ತು. ನನ್ನ ಹತ್ತಿರ ಇರಲಿಲ್ಲ. ಕೊಳವೆಬಾವಿಯ ನೀರಿನ ಮಟ್ಟ, ಸೊಳ್ಳೆ, ವಾಸನೆ, ಮಳೆಗಾಲದಲ್ಲಿ ರಸ್ತೆಗೆ ನುಗ್ಗುವ ನೀರು ಅಂತ ಏನೇನೋ ಹೇಳಿದೆ. ಎಲ್ಲ ನಿಜವೇ. ಆದರೆ ಮೂರು ಖಂಡುಗ ಭತ್ತದ ಹಾಗೆ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಒಂದೂ ಇರಲಿಲ್ಲ. ನಗರದ ಕೆರೆಗೆ ಬಿಟ್ಟುವಟ್ಟ ಯಾವುದು ಅನ್ನುವುದನ್ನು ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ ಅಂತ ನನಗೆ ಅವತ್ತು ಅನ್ನಿಸಿತು.

ಶಾಪಾಶಯದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಶಾಸನದ ಕೊನೆಯ ಶಾಪವನ್ನು ನಾವು ಬಹುತೇಕ ಓದದೆ ಬಿಡುತ್ತೇವೆ, ಎಲ್ಲ ಕಡೆ ಅದೇ ಅಂತ. ಗಂಗರ ಕಾಲದ ಶಾಪಾಶಯಗಳನ್ನು ಮತ್ತೊಮ್ಮೆ ನೋಡಿ. ಈ ದಾನವನ್ನು ಅಳಿದವನಿಗೆ ಯಾವ ಯಾವ ಪಾಪ ಅನ್ನುವ ಪಟ್ಟಿಯಲ್ಲಿ ವಾರಣಾಸಿ, ಸಾವಿರ ಕವಿಲೆಗಳ ಪಕ್ಕದಲ್ಲೇ ಕೆಲವು ಕಡೆ ಕೆರೆಯನ್ನೂ ಆರವೆಯನ್ನೂ ಅಳಿದ ಪಾಪ ಸೇರಿದೆ. ಆರವೆ ಅಂದರೆ ತೋಪು. ಕವಿಲೆ ನಮಗೆ ನೆನಪಿದೆ, ಕೆರೆ ಮರೆತುಹೋಗಿದೆ.

ಇನ್ನೊಂದು ಕಲ್ಲಿನ ಬಗ್ಗೆ ಹೇಳಿ ಮುಗಿಸುತ್ತೇನೆ. ಗೌರಿಬಿದನೂರು ತಾಲೂಕಿನ ಕಲ್ಲೋಡಿಯಲ್ಲಿ 1388ರ ಶಾಸನ ಇದೆ. ಹೆನ್ನೆಯ ಹೊಳೆಯನ್ನು, ಅಂದರೆ ಉತ್ತರ ಪಿನಾಕಿನಿಯನ್ನು, ಪೆನುಗೊಂಡೆಗೆ ತರಬೇಕೆಂದು ಜಲಸೂತ್ರದ ಸಿಂಗಾಯ ಭಟ್ಟನಿಗೆ ಅಪ್ಪಣೆಯಾಗಿ, ಅವನು ಸಿರುವರದ ಕೆರೆಗೆ ಕಾಲುವೆ ಮಾಡಿಸಿ, ಅದಕ್ಕೆ ಪ್ರತಾಪ ಬುಕ್ಕರಾಯನ ಹೆಸರು ಇಟ್ಟ ಸಂಗತಿ. ಕಟ್ಟಿಸಿದ ರಾಜನ ಜೊತೆ ಕೆಲಸ ಮಾಡಿದ ಇಂಜಿನಿಯರನ ಹೆಸರೂ ಉಳಿದಿರುವ ಶಾಸನ, ನಮ್ಮ ವೃತ್ತಿಯವರು ಹೆಮ್ಮೆಪಡುವಂಥದ್ದು. ಅದು ಕೆರೆಯ ಶಾಸನಕ್ಕಿಂತ ಹೆಚ್ಚಾಗಿ ಕಾಲುವೆಯ ಶಾಸನ ಅನ್ನುವುದನ್ನು ಗಮನಿಸಿ. ಕೆರೆಗೆ ಏನು ಬಂದು ಸೇರುತ್ತದೆ ಅನ್ನುವುದಕ್ಕೆ ಒಬ್ಬ ಮನುಷ್ಯ ಹೆಸರು ಸಮೇತ ಜವಾಬ್ದಾರ.

ನನ್ನ ಪೈಪಿನ ವಾಲ್ವ್ ಈಗ ಮುಚ್ಚಿದೆ. ಚಕ್ರವನ್ನು ಬಿಚ್ಚಿ ಸಂಘದ ಕಚೇರಿಯಲ್ಲಿ ಇಟ್ಟಿದ್ದಾರೆ, ತೆರೆದರೆ ಪುಸ್ತಕದಲ್ಲಿ ದಿನಾಂಕ ಬರೆದು ಸಹಿ ಹಾಕಬೇಕು. ಹೋದ ಜನವರಿಯಲ್ಲಿ ನೋಡಿದಾಗ ಪೈಪಿನ ಬಾಯಿ ಒಣಗಿತ್ತು. ಅದೇ ಕಾಲುವೆಯಲ್ಲಿ ಅದಕ್ಕಿಂತ ಮೇಲೆ ಇನ್ನೂ ಏಳು ಪೈಪು ಎಣಿಸಿದೆ, ನಾಲ್ಕು ಸುರಿಯುತ್ತಿದ್ದವು. ಆ ವೀರಗಲ್ಲು ಅವತ್ತು ಸಿಗಲಿಲ್ಲ, ಆಮೇಲೆ ಒಂದು ಗ್ಯಾರೇಜಿನ ಹಿಂದೆ ಸಿಕ್ಕಿತು. ಮೇಲಿನ ಹಂತ ಮುರಿದಿದೆ, ಅಕ್ಷರ ಇರುವ ಪಟ್ಟಿಯಲ್ಲಿ ಎರಡು ಸಾಲು ಓದಲು ಬರುತ್ತವೆ. ಅದರ ಪಾಠವನ್ನು ಮುಂದಿನ ಬರಹದಲ್ಲಿ ಕೊಡುತ್ತೇನೆ.